ನಡುವಿನ ಚೌಕ

ನೋಡಿ ಮಾರಾಯ್ರೆ, ಮೊದಲೇ ಹೇಳಿಬಿಡ್ತೇನೆ. ನಿಮ್ಮ ಮನೆಯ ಯಾವ ಹಳೇ ಬಟ್ಟೆ ಬೇಕಾದ್ರೂ ತನ್ನಿ. ಅಜ್ಜನ ಶಾಲು, ಅಮ್ಮನ ಸೀಮಂತದ ಸೀರೆ, ಎಂತದಾದ್ರೂ ಅಡ್ಡಿ ಇಲ್ಲ. ಸಂಜೆಯೊಳಗೆ ಅದರ ಅವಳಿ ಮಾಡಿ ಕೈಯಲ್ಲಿಡ್ತೇನೆ. ಎರಡನ್ನೂ ಮುಂದಿಟ್ರೆ ನೀವು ಡೂಪ್ಲಿಕೇಟನ್ನು ಕಣ್ಣಿಗೊತ್ತಿಕೊಂಡು ಅಳ್ತೀರಿ, ಒರಿಜಿನಲ್‌ನಲ್ಲಿ ಮೂಗು ಒರೆಸ್ತೀರಿ. ದೇವರು ಒಬ್ಬೊಬ್ಬರದ್ದು ಒಂದೊಂದೇ ಕಾಪಿ ತೆಗೆದು ಸುಸ್ತಾದ. ಈ ಅಖಿಲ್‌ಗೆ ಇನ್ನೂ ಸುಸ್ತಾಗ್ಲಿಲ್ಲ!

ಹೇಗುಂಟು ಡೈಲಾಗ್? ಸ್ವಂತದ್ದು. ಕನ್ನಡಿ ಮುಂದೆ ನಿಂತು ಕಾಲರ್ ಎತ್ತಿ ಹೇಳಿದ್ರೆ ಇನ್ನೂ ಚಂದ ಬರ್ತದೆ.

ನಾನಿರುದು ಮಣಿಪಾಲದಲ್ಲಿ, ಬಟ್ಟೆ ಮೇಲೆ ಪ್ರಿಂಟ್ ಹೊಡೆಯುವ ಅಂಗಡಿಯಲ್ಲಿ. ಕಾಲೇಜಿನವರ ಟೀ ಶರ್ಟು, ನಾಯಿ ಮುಖದ ದಿಂಬು, ಅಂಥದ್ದೆಲ್ಲ. ಓನರ್ ಊಟಕ್ಕೆ ಹೋದ್ರೆ ಮೆಷಿನ್ ನಂದು. ನಿಟ್ಟೆ ಹಾಸ್ಟೆಲಿನ ಗೆಳೆಯನ ಬೆಡ್‌ಶೀಟಿನಲ್ಲಿ ಜಿರಳೆ ಪ್ರಿಂಟ್ ಹೊಡೆದುಕೊಟ್ಟವ ನಾನೇ. ಅವನು ಕಿರುಚಿ ಮಂಚದಿಂದ ಬಿದ್ದ, ಮೊಣಕೈ ಮುರೀತು. ವೀಡಿಯೋ ಎಂತ ಓಡಿತ್ತು ಗೊತ್ತುಂಟಾ! ಮೊಣಕೈ ಮತ್ತೆ ಸರಿಯಾಯ್ತು, ಬಿಡಿ.

ಈಗ ಕತೆಗೆ ಬರುವಾ. ಹೀರೋಯಿನ್ ನನ್ನ ಅಕ್ಕ, ಶರ್ಮಿಳಾ. ವಿಲನ್ ನನ್ನ ಅಜ್ಜಿ, ಅಕ್ಕು. ಅಮ್ಮ ಬೇಗ ಹೋದ, ಅಪ್ಪ ದುಡಿಯಲಿಕ್ಕೆ ಪರವೂರಲ್ಲಿದ್ದ ಕಾರಣ ನಮ್ಮಿಬ್ಬರನ್ನೂ ಸಾಕಿದ್ದು ಅಜ್ಜಿಯೇ, ಕುಕ್ಕುಂದೂರಿನ ಮನೆಯಲ್ಲಿ. ಕಾರ್ಕಳ ಮಾರ್ಕೆಟಿನಲ್ಲಿ ಮೀನು ಮಾರಿದ ಹೆಂಗಸು. ಬಂಗುಡೆಯ ಹೊಟ್ಟೆ ಕೊಯ್ಯಲಿಕ್ಕೆ ಅಜ್ಜಿಗೆ ಕತ್ತಿ ಬೇಕಾಗಿರ್ಲಿಲ್ಲ, ನಾಲಗೆ ಸಾಕಿತ್ತು ಅಂತ ನಾವು ತಮಾಷೆ ಮಾಡುದುಂಟು. ಅಜ್ಜಿಗೆ ಕನ್ನಡ ಬರುದಿಲ್ಲ, ಮಾತೆಲ್ಲ ತುಳು. ನಿಮಗೋಸ್ಕರ ನಾನು ಡಬ್ಬಿಂಗ್ ಕೊಡ್ತೇನೆ.

ಅಕ್ಕ ಮದುವೆಯಾದದ್ದು ಕಾಪುವಿನ ಅಲೆಕ್ಸ್‌ನನ್ನು. ದೋಣಿಯ ಇಂಜಿನ್ ರಿಪೇರಿ ಮಾಡ್ತಾನೆ. ಒಳ್ಳೆ ಜನ, ಆದ್ರೆ ಇಗರ್ಜಿಗೆ ಹೋಗುವವ, ಕ್ರಿಶ್ಚಿಯನ್. ಆವತ್ತು ಅಜ್ಜಿ ಎಲೆಅಡಿಕೆ ಉಗಿದು ಒಂದು ಡೈಲಾಗ್ ಹೊಡೆದದ್ದು ನನಗೆ ಈಗಲೂ ಬಾಯಿಪಾಠ: "ಅವಳು ಸತ್ತಳು ಅಂತ ನಾನು ಹೇಳುದಿಲ್ಲ. ಸತ್ತವರಿಗೆ ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸ್ತೇವೆ. ಇವಳಿಗೆ ಅದೂ ಇಲ್ಲ."

ಥಿಯೇಟರ್ ಆಗಿದ್ರೆ ಚಿಲ್ಲರೆ ಎಸೀತಿದ್ರು.

ಮತ್ತೆ ಮೂರು ವರ್ಷ ಅಕ್ಕ ಕುಕ್ಕುಂದೂರಿಗೆ ಕಾಲಿಡ್ಲಿಲ್ಲ. ಬಸುರಿಯಾದಳು. ಆಗ ಶುರುವಾಯ್ತು ಆ ಹೊದಿಕೆಯ ಕತೆ. ತುಂಡು ತುಂಡು ಬಟ್ಟೆ ಕೂಡಿಸಿ ಹೊಲಿಯುದು, ಘಟ್ಟದ ಮೇಲೆ ಕೌದಿ ಅಂತಾರಲ್ಲ, ಅದು. ನಮ್ಮಲ್ಲಿ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುದಿಲ್ಲ. ತುಂಬ ವರ್ಷ ಬಾಳಿದವರು ಉಟ್ಟು ಉಟ್ಟು ಮೆತ್ತಗಾದ ಬಟ್ಟೆಯಲ್ಲಿ ಸುತ್ತುದು. ಅವರ ಆಯುಷ್ಯ ಮಗುವಿಗೆ ಹತ್ಲಿ ಅಂತ. ಅಕ್ಕ ಹುಟ್ಟಿದಾಗ ಅವಳನ್ನು ಸುತ್ತಿದ್ದು ಅಜ್ಜಿಯ ನೀಲಿ ಸೀರೆಯಲ್ಲಿ. ನೀಲಿ ಮೇಲೆ ಸಣ್ಣ ಸಣ್ಣ ಬಿಳಿ ಹೂ, ಅಚ್ಚು ಹೊಡೆದದ್ದು. ಅಜ್ಜಿ ಅದನ್ನು ಈಗಲೂ ಟ್ರಂಕಿನಲ್ಲಿ ಇಟ್ಟಿದ್ದಾಳೆ.

ಅಲೆಕ್ಸ್‌ನ ಅಮ್ಮ ಆಂಜೆಲಾ ಮಾಮಿ ಕಪಾಟು ತೆರೆದು ಅವರ ಕಡೆಯದ್ದೆಲ್ಲ ಕೊಟ್ರು: ತನ್ನ ಪ್ರಾಯದ ಫ್ರಾಕು, ಅತ್ತೆಯ ಸೀರೆ, ಮಾವನ ಗೆರೆ ಶರ್ಟು. ಎಲ್ಲ ಅಸಲಿ ಹಳತು. ಅಕ್ಕನ ಕಡೆಯಿಂದ? ಸೊನ್ನೆ. ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದವಳ ಹತ್ರ ಎಂತ ಇರ್ತದೆ? ಅವಳು ಬನ್ನಂಜೆಯ ಅಂಗಡಿಗೆ ಹೋಗಿ ಹಳೇ ಡಿಸೈನಿನ ಹೊಸ ಬಟ್ಟೆ ತಂದಳು. ಈಗ ಬರ್ತದಲ್ಲ, ನಿನ್ನೆ ಮೆಷಿನಿನಿಂದ ಇಳಿದದ್ದು, ನೋಡ್ಲಿಕ್ಕೆ ಅಜ್ಜಿಕಾಲದ್ದು. ಅದಕ್ಕೆ ನಾನು ಹೇಳಿದೆ, "ಏನಕ್ಕ, ಬಾಡಿಗೆಗೆ ಅಜ್ಜಿ ತಂದಿದ್ದಿಯಾ?"

ಅವಳು ನಗ್ಲಿಲ್ಲ. ಜೋಕ್ ಚಂದ ಇತ್ತು.

ಆ ಹೊಲಿಗೆ ಅಂದ್ರೆ ಯುದ್ಧ. ಹಳತು ಮೆತ್ತಗೆ, ಹೊಸತು ಗಟ್ಟಿ. ಎರಡನ್ನು ಕೂಡಿಸಿ ಹೊಲಿದ್ರೆ ಹೊಸತು ಎಳೀತದೆ, ಹಳತು ಹರೀತದೆ. ತ್ರಿಕೋನ ಕತ್ತರಿಸಿದ ತುಂಡುಗಳ ಮೂತಿ ಮೂತಿ ಸೇರುದೇ ಇಲ್ಲ. ಅಕ್ಕ ಹೊಟ್ಟೆ ಹೊತ್ತುಕೊಂಡು ಹೊಸ ಬಟ್ಟೆಯನ್ನು ಕುದಿಸಿದಳು, ಕಲ್ಲಿಗೆ ಬಡಿದಳು, ಕಾಪುವಿನ ಬಿಸಿಲಿಗೆ ಹಾಕಿದಳು, ಮತ್ತೆ ಕುದಿಸಿದಳು. ಹೊಲಿದದ್ದನ್ನು ಬಿಚ್ಚಿದಳು, ಪುನಃ ಹೊಲಿದಳು. ಆಂಜೆಲಾ ಮಾಮಿ ಹೇಳಿದ್ರು, "ಸಾಕು ಮಗಳೇ, ಮಗು ಮೂತ್ರ ಮಾಡ್ಲಿಕ್ಕೆ ಇಷ್ಟೆಲ್ಲ ಯಾಕೆ?" ಅಕ್ಕ ಕೇಳ್ಲಿಲ್ಲ. ಎಲ್ಲ ಮುಗಿದ ಮೇಲೂ ನಡುವಿನಲ್ಲಿ ಒಂದು ಚೌಕ ಖಾಲಿ ಬಿಟ್ಟಳು.

"ಅಲ್ಲಿಗೆ ಎಂತ?" ಅಂದೆ.

"ಅಜ್ಜಿಯ ನೀಲಿ."

"ಅಜ್ಜಿ ಸೀರೆ ಕೊಡುದಾ? ಅಜ್ಜಿ ತನಗೆ ಜ್ವರ ಬಂದ್ರೆ ಅದನ್ನೂ ಕೊಡುದಿಲ್ಲ."

"ಕೇಳಿ ನೋಡು ಅಖಿಲ್. ಒಂದು ತುಂಡು ಸಾಕು. ಅವಳು ಕೊಟ್ರೆ ನನ್ನ ಮಗುವಿಗೂ ಅಜ್ಜಿ ಇದ್ದಾಳೆ ಅಂತ ಆಗ್ತದೆ."

ನಾನು ಕೇಳಿದೆ. ಅಜ್ಜಿ ಎದ್ದು ಒಳಗೆ ಹೋದಳು. ಮುಂದಿನ ಆದಿತ್ಯವಾರ ನಾನು ಹೋದಾಗ ಮಡಚಿದ ಒಂದು ತುಂಡು ನನ್ನ ಮೇಲೆ ಬಂದು ಬಿತ್ತು. ನೀಲಿ, ಬಿಳಿ ಹೂ. ಟ್ರಂಕಿನ ಸೀರೆಗೆ ಕತ್ತರಿ ಹಾಕಿದ್ದಳು ಮುದುಕಿ!

"ಕೊಂಡುಹೋಗಿ ಕೊಡು. ಹೆತ್ತು ನಲ್ವತ್ತು ದಿನ ಕಳೆದ ಮೇಲೆ ಬೇಕಾದ್ರೆ ಮಗುವನ್ನು ತೋರಿಸ್ಲಿಕ್ಕೆ ಬರ್ಲಿ. ನಾನು ಕರೆದೆ ಅಂತ ಹೇಳ್ಬೇಡ."

ನನಗೆ ಆ ಕ್ಷಣದಲ್ಲೇ ಇಡೀ ಸಿನೆಮಾ ಕಂಡಿತು ಮಾರಾಯ್ರೆ. ಪ್ಲ್ಯಾನ್ ಕೇಳಿ. ನಾನು ಮಣಿಪಾಲದಲ್ಲಿ ಇದರ ಡೂಪ್ಲಿಕೇಟ್ ಮಾಡುದು. ಅಕ್ಕನಿಗೆ ಡೂಪ್ಲಿಕೇಟ್ ಕೊಡುದು. ಅವಳು ಅಳ್ತಾಳೆ, ಶೂಟ್ ಮಾಡುದು. ಅದನ್ನೇ ಹೊಲೀತಾಳೆ. ನಲ್ವತ್ತು ಕಳೆದು ಕುಕ್ಕುಂದೂರಿನಲ್ಲಿ ಅಜ್ಜಿಯೂ ಅದನ್ನು ನೋಡಿ ಕರಗ್ತಾಳೆ, ಅದನ್ನೂ ಶೂಟ್ ಮಾಡುದು. ಆಗ ನನ್ನ ಎಂಟ್ರಿ, ಸ್ಲೋ ಮೋಷನ್: "ಕಟ್! ನೀವು ಅತ್ತದ್ದು ಶಾಯಿಗೆ. ಒರಿಜಿನಲ್ ಇಲ್ಲುಂಟು!" ಎರಡು ಮುಖ, ಒಂದು ಫ್ರೇಮು.

ಬಟ್ಟೆಗೂ ನನ್ನದೇ ಐಡಿಯಾ. ಹೊಸ ಬಟ್ಟೆಯಲ್ಲಿ ಹೊಡೆದ್ರೆ ಅಕ್ಕ ಮುಟ್ಟಿದ ಕೂಡ್ಲೆ ಹಿಡೀತಾಳೆ. ಅದಕ್ಕೆ ಅಪ್ಪನ ಹಳೇ ಪಂಚೆ ಕದ್ದೆ, ಒಗೆದು ಒಗೆದು ಬೆಣ್ಣೆಯ ಹಾಗೆ ಆದದ್ದು. ಅಜ್ಜಿಯ ತುಂಡನ್ನು ಸ್ಕ್ಯಾನರಿನ ಮೇಲೆ ಇಟ್ರೆ ಮುಚ್ಚಳ ಸರಿ ಕೂರ್ಲಿಲ್ಲ. ಅಂಚಿನ ಮಡಿಕೆಯೊಳಗೆ ಎಂತದೋ ಗಂಟು, ಕಪ್ಪು ನೂಲಿನಲ್ಲಿ ಒರಟೊರಟಾಗಿ ಹೊಲಿದದ್ದು. ಮುದುಕಿಯ ಅಡಿಕೆ ಚೂರು ಸಿಕ್ಕಿಕೊಂಡಿರ್ಬೇಕು ಅಂತ ಗಂಟು ಇದ್ದ ಕಡೆ ಬಿಟ್ಟು ಉಳಿದದ್ದು ಸ್ಕ್ಯಾನ್ ಮಾಡಿದೆ. ಬಣ್ಣ ಮಾಸಿದ್ದು, ಹೂವಿನ ತುದಿ ಕದಡಿದ್ದು, ಎಲ್ಲ ಹಾಗ್ಹಾಗೇ ಇಳೀತು. ಚಹಾ ನೀರಿನಲ್ಲಿ ಅದ್ದಿ ಒಣಗಿಸಿದೆ.

ಅಕ್ಕ ಅದನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಮತ್ತೆ ಮುಖಕ್ಕೆ ಒತ್ತಿದಳು. "ಅಜ್ಜಿಯ ವಾಸನೆ ಉಂಟು," ಅಂದಳು. ಅಪ್ಪನ ಪಂಚೆ, ಚಹಾ ಪುಡಿ! ನಗು ತಡೆಯಲಿಕ್ಕೆ ನಾನು ತುಟಿ ಕಚ್ಚಿಕೊಂಡೆ. ಅಲೆಕ್ಸ್ ಅವಳ ಬೆನ್ನು ಸವರಿದ. ಆಂಜೆಲಾ ಮಾಮಿ ಶಿಲುಬೆ ಗುರುತು ಹಾಕಿಕೊಂಡ್ರು. ಎಲ್ಲ ರೆಕಾರ್ಡ್ ಆಯ್ತು. ಆವತ್ತೇ ಅಕ್ಕ ನಡುವಿನ ಚೌಕ ತುಂಬಿಸಿದಳು. ಒಂದು ಸುಕ್ಕಿಲ್ಲ. ಇಡೀ ಹೊದಿಕೆಯಲ್ಲಿ ಸಲೀಸಾಗಿ ಕೂತದ್ದು ಅದೊಂದೇ ತುಂಡು.

ಹೆಣ್ಣು ಮಗು. ನಲ್ವತ್ತು ಕಳೀತು. ಹೊರಟೆವು ಕುಕ್ಕುಂದೂರಿಗೆ: ಅಕ್ಕ, ಅಲೆಕ್ಸ್, ಮಗು, ನಾನು. ಇಲ್ಲೊಂದು ಎಡವಟ್ಟಾಯ್ತು. ಕ್ಲೈಮ್ಯಾಕ್ಸಿಗೆ ಬೇಕಾದ ಒರಿಜಿನಲ್ ಮಣಿಪಾಲದ ಡ್ರಾಯರಿನಲ್ಲೇ ಬಾಕಿಯಾಯ್ತು. ಮರೆತುಹೋಯ್ತು, ಎಂತ ಮಾಡುದು? ಎಂಥೆಂಥ ಡೈರೆಕ್ಟರಿಗೂ ಆಗ್ತದೆ.

ಅಜ್ಜಿ ಚಾವಡಿಯಲ್ಲಿ ಕೂತಿದ್ದಳು. ಒಗೆದ ಸೀರೆ, ಎಣ್ಣೆ ಹಾಕಿ ಬಾಚಿದ ತಲೆ. ಅಲೆಕ್ಸ್‌ನಿಗೂ ಸೇರಿಸಿ ಚಹಾ ತಂದಿಟ್ಟಳು. ನಾನು ಮೊಬೈಲನ್ನು ಕಿಟಕಿಗೆ ಒರಗಿಸಿ ಆನ್ ಮಾಡಿದೆ.

ಅಕ್ಕ ಮಗುವನ್ನು ಅಜ್ಜಿಯ ಮಡಿಲಲ್ಲಿ ಮಲಗಿಸಿದಳು. ಅಜ್ಜಿ ಮಗುವಿನ ಮುಖ ನೋಡಿದಳು, ಕಿವಿ ನೋಡಿದಳು, ಮತ್ತೆ ಹೊದಿಕೆಯ ಮೇಲೆ ಕೈಯಾಡಿಸಿದಳು.

"ಇದು ಯಾರದ್ದು?"

"ಅತ್ತೆಯ ಫ್ರಾಕ್, ಅಜ್ಜಿ."

"ಇದು?"

"ಅದು ಬನ್ನಂಜೆಯ ಅಂಗಡಿಯದ್ದು. ಹೊಸತೇ, ಡಿಸೈನ್ ಮಾತ್ರ ಹಳತು. ಈಗ ಹಾಗೆ ಮಾಡ್ತಾರೆ. ಗೊತ್ತೇ ಆಗುದಿಲ್ಲ ಅಲ್ವಾ?"

"ಹ್ಞೂಂ. ಗೊತ್ತೇ ಆಗುದಿಲ್ಲ."

ಅಜ್ಜಿಯ ಬೆರಳು ನಡುವಿನ ಚೌಕಕ್ಕೆ ಬಂತು. ಬಾಯಿಯ ಸುಕ್ಕು ಸ್ವಲ್ಪ ಸಡಿಲಾಯ್ತು, ನಾನು ಕಣ್ಣಾರೆ ನೋಡಿದ್ದು. ಬೆರಳು ಅಂಚು ಹಿಡಿದು ಒಂದು ಸುತ್ತು ಹೋಯ್ತು. ಪುನಃ ಒಂದು ಸುತ್ತು, ಈ ಸಲ ಒತ್ತಿ ಒತ್ತಿ. ಮತ್ತೆ ಕೊಳೆತ ಮೀನು ಮುಟ್ಟಿದ ಹಾಗೆ ಕೈ ತೆಗೆದಳು.

"ನಾನು ಇಟ್ಟದ್ದು ಎಲ್ಲಿ?"

"ಎಂತ ಅಜ್ಜಿ?"

"ಬಜೆ. ದೃಷ್ಟಿ ಆಗದ ಹಾಗೆ ಮಗುವಿಗೆ ಕಟ್ಟುವ ಬೇರು. ನೀನು ಕೈಗೆ ಕಟ್ಟಿದ್ರೆ ಅಲ್ಲಿಯವರು ಎಂತ ಹೇಳ್ತಾರೋ ಅಂತ ಅಂಚಿನೊಳಗೆ ಇಟ್ಟು ಹೊಲಿದಿದ್ದೆ. ಸೂಜಿಗೆ ನೂಲು ಹಾಕ್ಲಿಕ್ಕೆ ಪಕ್ಕದ ಮನೆಯವಳ ಕಾಲು ಹಿಡಿದಿದ್ದೇನೆ."

"ನನಗೆ ಬಜೆ ಸಿಗ್ಲೇ ಇಲ್ಲ ಅಜ್ಜಿ."

"ಸಿಗ್ಲಿಲ್ಲವಾ, ಬೇಡವಾಯ್ತಾ? ನನ್ನದನ್ನು ಬಿಸಾಡಿ ಅಂಗಡಿಯದ್ದು ಹಾಕಿದ್ದಿ. ಗೊತ್ತಾಗುದಿಲ್ಲ ಅಂತ ಈಗ ನೀನೇ ಹೇಳಿದ್ದಲ್ವಾ?"

ಅಲೆಕ್ಸ್ ಬಾಯಿ ಹಾಕಿದ. "ಇಲ್ಲ ಅಜ್ಜಿ, ಅದನ್ನು ಹಿಡ್ಕೊಂಡು ಅವಳು ಎಷ್ಟು ಅತ್ತಿದ್ದಾಳೆ..."

"ನೀನು ಸುಮ್ಮನಿರು. ಇದು ನಿನ್ನ ಇಂಜಿನ್ ಅಲ್ಲ, ಎಣ್ಣೆ ಹಾಕಿದ ಕೂಡ್ಲೆ ತಿರುಗ್ಲಿಕ್ಕೆ."

ಅಕ್ಕ ನನ್ನ ಕಡೆ ತಿರುಗಿದಳು. "ಅಖಿಲ್, ನೀನು ಹೇಳು. ಇದು ಅಜ್ಜಿ ಕೊಟ್ಟದ್ದೇ ಅಲ್ವಾ?"

ಪ್ರೂಫ್ ಮಣಿಪಾಲದಲ್ಲಿ ಇರುವಾಗ ನಾನು ಎಂತ ಹೇಳುದು? ಯಾರು ನಂಬ್ತಾರೆ? "ನಾನು ತಂದು ಕೊಟ್ಟೆ, ಅಷ್ಟೇ," ಅಂದೆ. "ಮತ್ತೆ ನೀನು ಎಂತ ಮಾಡಿದ್ದಿ ನನಗೆ ಗೊತ್ತುಂಟಾ?"

ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಬೇಕಾಗಿರ್ಲಿಲ್ಲ.

ಅಜ್ಜಿ ಮಗುವನ್ನು ಎತ್ತಿ ಅವಳ ಕೈಗೆ ಕೊಟ್ಟಳು. "ಮಗು ಚಂದ ಉಂಟು. ಅಮ್ಮನ ಕಡೆಯವರು ಯಾರೂ ಇಲ್ಲ ಅಂತ ಹೇಳಿ ಬೆಳೆಸು. ಸುಳ್ಳು ಹೇಳಿದ ಹಾಗೆಯೂ ಆಗುದಿಲ್ಲ."

ಅಕ್ಕ ಅಳ್ಲಿಲ್ಲ. ಮಗುವನ್ನು ಅಲೆಕ್ಸ್‌ನಿಗೆ ಕೊಟ್ಟು ಹೊದಿಕೆಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಬ್ಯಾಗಿನಲ್ಲಿ ಮಗುವಿನ ಉಗುರು ಕತ್ತರಿ ಇತ್ತು. ಅದರಲ್ಲಿ ನಡುವಿನ ಚೌಕದ ಹೊಲಿಗೆ ಒಂದೊಂದೇ ಕತ್ತರಿಸಿದಳು, ಕತ್ತರಿ ಹೋಗದ ಕಡೆ ಹಲ್ಲಿನಲ್ಲಿ. ಅಷ್ಟೂ ಹೊತ್ತು ಚರ್ ಚರ್ ಅಂತ ನೂಲು ಕಡಿಯುವ ಸದ್ದು. ನೀಲಿ ತುಂಡು ಬಿಡಿಸಿ, ಮಡಚಿ, ಅಜ್ಜಿಯ ಮಡಿಲಲ್ಲಿಟ್ಟಳು.

"ನಿಮ್ಮದು ನಿಮಗೆ."

"ನನ್ನದಲ್ಲ," ಅಂದಳು ಅಜ್ಜಿ. ಕೆಳಗೆ ಬೀಳಿಸಿದಳು. ಅಲೆಕ್ಸ್ ಏಳುವಾಗ ಗ್ಲಾಸು ತಾಗಿ ಚಹಾ ಚೆಲ್ಲಿತ್ತು. ಆ ತುಂಡನ್ನು ಕಾಲಿನ ಹೆಬ್ಬೆರಳಿನಲ್ಲಿ ಎಳೆದು ಚಹಾ ಒರೆಸಿದಳು.

ಅವರು ಮೆಟ್ಟಿಲು ಇಳಿಯುವಾಗ ಮಗು ಎಚ್ಚರವಾಗಿ ಕಾಲು ಝಾಡಿಸ್ತಿತ್ತು. ಒಂದು ಪಾದ ನಡುವಿನ ತೂತಿನಿಂದ ಹೊರಗೆ ಬಂತು. ಅಕ್ಕ ಒಳಗೆ ತುರುಕಿದಳು, ಪುನಃ ಬಂತು. ಅಜ್ಜಿ ಆ ಪಾದವನ್ನು ಗೇಟಿನವರೆಗೂ ನೋಡಿದಳು, ಮತ್ತೆ ಒಳಗೆ ಹೋದಳು. ಅದಾಗಿ ತಿಂಗಳಾಯ್ತು. ಈಗ ನಾನು ಮಗುವಿನ ಸುದ್ದಿ ತೆಗೆದ್ರೆ ಅಜ್ಜಿ ರೇಡಿಯೋ ದೊಡ್ಡದು ಮಾಡ್ತಾಳೆ. ಅಕ್ಕ ನನ್ನ ನಂಬರ್ ಬ್ಲಾಕ್ ಮಾಡಿದ್ದಾಳೆ.

ನೀವು ನನ್ನನ್ನು ಹಾಗೆ ನೋಡ್ಬೇಡಿ. ಮರೆವು ಯಾರಿಗೂ ಇರ್ತದೆ.

ಸರಿ. ಡ್ರಾಯರಿನ ಕತೆ ಸುಳ್ಳು.

ಮರೆತದ್ದಲ್ಲ. ಒರಿಜಿನಲ್ ನನ್ನ ಶರ್ಟಿನ ಜೇಬಿನಲ್ಲೇ ಇತ್ತು, ಕಾಪುವಿನಿಂದ ಹೊರಟಾಗಲೂ, ಅಜ್ಜಿ ಬಜೆ ಎಲ್ಲಿ ಅಂತ ಕೇಳಿದಾಗಲೂ. ಗಂಟು ಎದೆಗೆ ಒತ್ತುತ್ತಿತ್ತು. ಅಕ್ಕ "ನೀನು ಹೇಳು" ಅಂದಾಗ ಎರಡು ಬೆರಳು ಹಾಕಿ ಎಳೆದಿದ್ರೆ ಮುಗೀತಿತ್ತು. ಬೈತಿದ್ರು, ಅಜ್ಜಿ ಗುಡಿಸುವ ಹಿಡಿಸೂಡಿ ತೆಗೀತಿದ್ದಳು, ಮತ್ತೆ ಎಲ್ಲ ನಗ್ತಿದ್ರು. ಆದ್ರೆ ಅಜ್ಜಿಯ ಮುಖ ಆ ಬೆಳಕಿನಲ್ಲಿ ಅಷ್ಟು ಚಂದ ಬರ್ತಿತ್ತು. ಇನ್ನೊಂದು ಡೈಲಾಗ್ ಬರ್ಲಿ, ಆಮೇಲೆ ಎಂಟ್ರಿ ಕೊಡುವಾ ಅಂತ ಕಾದೆ. ಬಂತು. ಅದಕ್ಕಿಂತ ಒಳ್ಳೆಯದು ಬರ್ಲಿ ಅಂತ ಕಾದೆ. ಅದೂ ಬಂತು. ಅಕ್ಕ ನೂಲು ಕಡಿಯುವಾಗಲೂ ಕಾಯ್ತಿದ್ದೆ. ಅದಾದ ಮೇಲೆ ಎಂಟ್ರಿ ಕೊಟ್ರೆ ವಿಲನ್ ಯಾರು ಅಂತ ಎಲ್ಲರಿಗೂ ಗೊತ್ತಾಗ್ತಿತ್ತು.

ವೀಡಿಯೋ ಯಾರಿಗೂ ತೋರಿಸ್ಲಿಲ್ಲ. ನಾನೊಬ್ಬನೇ ನೋಡುದು. ಎಲ್ಲರೂ ಫ್ರೇಮಿನಲ್ಲಿ ಸರಿಯಾಗಿ ಬಿದ್ದಿದ್ದಾರೆ. ಬಲಗಡೆ ಮೂಲೆಯಲ್ಲಿ ನನ್ನ ಕೈ ಮಾತ್ರ ಕಾಣ್ತದೆ, ಜೇಬನ್ನು ಮುಚ್ಚಿ ಹಿಡಿದದ್ದು.