ತಡೆದುಕೊಳ್ಳಬೇಕಾದ ನೀರು

ಎ.ಸಿ.ಯ ಗಾಳಿ ನೇರ ಮೊಣಕಾಲಿಗೇ ಬಡಿಯುತ್ತಿದೆ, ಆಸ್ಪತ್ರೆಯವರು ಕೊಟ್ಟ ಈ ಗೌನು ಅದಕ್ಕಿಂತ ಕೆಳಗೆ ಬರುವುದೇ ಇಲ್ಲ, ದಾರ ಬೇರೆ ಬೆನ್ನ ಹಿಂದೆ, ರಾಜಾಜಿನಗರದ ಹೈಸ್ಕೂಲಿನಲ್ಲಿ ಆಯಸ್ಸೆಲ್ಲ ಡ್ರಿಲ್ ಮಾಡಿಸಿದ ಸಿದ್ದಬಸಪ್ಪ ಮೇಷ್ಟ್ರು, ಅಂಗಿಗುಂಡಿ ಬಿಚ್ಚಿದ ಹುಡುಗರನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದವರು, ಈಗ ತೊಡೆ ಒತ್ತಿಕೊಂಡು ಕೂತಿದ್ದಾರೆ — ನೀರು ಕುಡಿದು ತಡ್ಕೊಂಡಿರಿ ಅಂಕಲ್, ಮೂತ್ರಚೀಲ ತುಂಬಿದ್ರೆ ಕರುಳಿಗೆ ಕಿರಣ ಅಷ್ಟು ತಾಗಲ್ಲ, ಎಂದಿದ್ದಳು ಕಿರಣ ಚಿಕಿತ್ಸೆಯ ಮೆಷಿನ್ ನಡೆಸುವ ಸ್ಪಂದನ, ತಡ್ಕೊಳ್ಳೋದಂತೆ, ಆ ಶಕ್ತಿಯನ್ನೇ ಆಪರೇಷನ್ನಿನಲ್ಲಿ ಕಿತ್ತುಕೊಂಡರಲ್ಲ, ಕೆಮ್ಮಿದರೆ ಸೋರುತ್ತದೆ, ಮೆಟ್ಟಿಲಿಳಿದರೆ ಸೋರುತ್ತದೆ, ಇವತ್ತು ಪ್ಯಾಡನ್ನೂ ತೆಗೆಸಿದ್ದಾರೆ, ಎಲ್ಲಾ ತೆಗೆದಿದೀವಿ, ನಿಶ್ಚಿಂತೆಯಾಗಿರಿ, ಎಂದ ಆ ಸರ್ಜನ್, ನಿಶ್ಚಿಂತೆ! ಎರಡು ವರ್ಷಕ್ಕೆ ರಕ್ತದಲ್ಲಿ ಕಾಯಿಲೆಯ ಸುಳಿವು ಕೊಡುವ ಆ ಪಿಎಸ್‌ಎ ಮತ್ತೆ ಏರಿತು, ಸ್ಕ್ಯಾನಿನಲ್ಲಿ ಕೊಯ್ದು ತೆಗೆದ ಪ್ರಾಸ್ಟೇಟ್ ಗ್ರಂಥಿ ಇದ್ದ ಜಾಗದಲ್ಲೇ ಕಡಲೆಕಾಳಿನಷ್ಟು ಹೊಳೆಯುವ ಚುಕ್ಕೆ, ಅದಕ್ಕೇ ಗುರಿಯಿಟ್ಟು ಕಿರಣ ಬಿಡ್ತೀವಿ ಸಾರ್, ಎಂದರು ಇಲ್ಲಿನ ಡಾಕ್ಟರು, ಬಿಡಲಿ, ಬೇಡವೆಂದವರು ಯಾರು, ಆದರೆ ಮೆಷಿನ್ ಕೆಟ್ಟಿದೆ, ಈಗ ಸರಿಹೋಗುತ್ತದೆ, ಈಗ, ಈಗ, ಅದೇ ಮಾತು — ಎದುರಿಗೆ ಹೆಂಡತಿ ಗಿರಿಜಾದೇವಿ, ಮಡಿಲಲ್ಲಿ ಚೀಲ, ಪಕ್ಕದಲ್ಲಿ ವಿಜಯನಗರದಿಂದ ನೋಡಲು ಬಂದ ಅವಳ ತಮ್ಮ ಭರಮಪ್ಪ, ಭಾವಾ, ಕಿಡ್ನಿ ಕಲ್ಲಿಗೂ ಈಗ ಕರೆಂಟ್ ಕೊಡ್ತಾರಂತಲ್ಲ, ಬಾಳೆದಿಂಡಿನ ರಸ ಕುಡೀರಿ, ಕರಗುತ್ತೆ — ಕಲ್ಲು! ನೆಂಟರಿಗೆಲ್ಲ ಇವಳು ಹಂಚಿದ ಸುಳ್ಳು, ಆ ಜಾಗದ ಕಾಯಿಲೆ ಅಂತ ಹೆಂಗ್ರೀ ಹೇಳ್ಲಿ, ಎಂದು ಅವಳು ಕೇಳಿದಾಗ ಗೋಡೆ ನೋಡುತ್ತ ಸುಮ್ಮನಿದ್ದದ್ದು ತಾವೇ, ಅದಕ್ಕೂ ಸಿಟ್ಟು, ಇವನ ಬಾಳೆದಿಂಡಿಗೂ ಸಿಟ್ಟು, ಅಯ್ಯೋ, ಬಿಸಿ, ಮೊದಲು ಒಂದೆಳೆ, ಆಮೇಲೆ ತೊಡೆಯುದ್ದಕ್ಕೂ, ಸ್ಟೀಲ್ ಕುರ್ಚಿಯ ತೂತುಗಳಿಂದ ನೆಲಕ್ಕೆ, ನೆಲದಲ್ಲಿ ಹರಿದು ಭರಮಪ್ಪನ ಚಪ್ಪಲಿಯತ್ತ, ಅವನು ಕಾಲು ಹಿಂದಕ್ಕೆಳೆದುಕೊಂಡ.

ಬೈದಿದ್ದರೆ ಸಹಿಸಬಹುದಿತ್ತು, ಕಾಲು ಎಳೆದುಕೊಂಡನಲ್ಲ, ಕಲ್ಲಲ್ಲ ಕಣೋ, ಕ್ಯಾನ್ಸರ್, ಪ್ರಾಸ್ಟೇಟ್ ಕ್ಯಾನ್ಸರ್, ಕೊಯ್ದು ತೆಗೆದ್ರೂ ವಾಪಸ್ ಬಂದಿದೆ, ಹೋಗು, ಊರಿಗೆಲ್ಲ ಹೇಳು, ಮೈದಾನದ ಆ ಹಳೆಯ ಗಂಟಲು ಎಲ್ಲಿತ್ತೋ, ಕಾಯುತ್ತಿದ್ದವರೆಲ್ಲ ತಿರುಗಿದರು, ಗಿರಿಜಾದೇವಿ ಮಾತ್ರ ಚೀಲ ತೆರೆದಳು, ಒಗೆದು ಮಡಿಚಿದ ಪಂಚೆ, ಅದರ ಕೆಳಗೆ ಇನ್ನೊಂದು, ಮೊದಲ ದಿನದಿಂದ್ಲೂ ತರ್ತಿದೀನ್ರೀ, ಹೇಳಿದ್ರೆ ಬೈತಿದ್ರಿ, ಹೌದು, ಬೈಯುತ್ತಿದ್ದರು, ಈಗಲೂ ಬೈಯಬೇಕೆನಿಸುತ್ತದೆ, ಆದರೆ ಅವಳು ಆಗಲೇ ಸೆರಗು ಸಿಕ್ಕಿಸಿ ನೆಲಕ್ಕೆ ಕೂತಿದ್ದಾಳೆ, ಟವೆಲಿನಿಂದ ಒರೆಸುತ್ತ ತಮ್ಮನ ಹತ್ತಿರ ಬಂದು, ತಲೆಯೆತ್ತದೆ, ಕಾಲೆತ್ತೋ, ಎಂದಳು. ಮತ್ತೆ ನೀರು ಕುಡಿಯುವುದು, ಮತ್ತೆ ಕಾಯುವುದು, ಕೊನೆಗೂ ಮೆಷಿನ್ನಿನ ತಣ್ಣನೆಯ ಹಲಗೆ, ಅಲ್ಲಾಡ್ಬೇಡಿ ಅಂಕಲ್, ಲೋಹದ ತೋಳು ಗುಂಯ್ಗುಡುತ್ತ ಸುತ್ತುತ್ತಿದೆ, ಕಿರಣ ಚುಕ್ಕೆಯನ್ನು ಹುಡುಕಿಕೊಳ್ಳಲಿ, ಸುಡಲಿ, ಮುಷ್ಟಿ ಸಡಿಲವಾಗುತ್ತಿಲ್ಲ, ಕಣ್ಣು ಮುಚ್ಚಿದರೆ ಗಾಳಿಯಲ್ಲಿ ಎತ್ತಿ ಹಿಡಿದ ಆ ಕಾಲು, ಕಣ್ಣು ತೆರೆದರೂ ಆ ಕಾಲು, ಅದರ ಕೆಳಗೆ, ಒದ್ದೆ ನೆಲದ ಮೇಲೆ, ಅವಳ ಕೈ.