ಕೊನೆಯ ಸಾಲಿನ ಕೈ

"ಇನ್ನೊಂದು ದಿಂಬು ಕೊಡಿ ಮಾರಾಯ್ರೆ, ಬೆನ್ನು ನಿಲ್ಲುದಿಲ್ಲ," ಎಂದು ಲೋಕನಾಥ ಹೆಣದ ಭುಜಗಳನ್ನು ಎತ್ತಿ ಹಿಡಿದುಕೊಂಡೇ ಹೇಳಿದ.

ಶಿವಶಂಕರಪ್ಪನವರ ಮನೆತನದಲ್ಲಿ ಸತ್ತವರನ್ನು ಕೂಡಿಸಿಯೇ ಮಣ್ಣು ಮಾಡುವುದು. ಮೈಗೆಲ್ಲ ವಿಭೂತಿ ಬಳಿದಾಗಿತ್ತು, ಎಡ ಅಂಗೈಯಲ್ಲಿ ಲಿಂಗ ಇಟ್ಟಾಗಿತ್ತು. ಆದರೆ ನ್ಯೂಜೆರ್ಸಿಯ ಶವಪೆಟ್ಟಿಗೆಗೆ ಮಲಗಿದವರು ಮಾತ್ರ ಗೊತ್ತು. ಎರಡು ದಿಂಬು ಇಟ್ಟರೆ ಮುಚ್ಚಳ ಹಾಕಲು ಬರುವುದಿಲ್ಲವೆಂದು ಶವಸಂಸ್ಕಾರದ ಕಂಪನಿಯ ಕಪ್ಪು ಕೋಟಿನ ಬಿಳಿಯ ಬಹಳ ವಿನಯದಿಂದ ಮೂರನೇ ಸಲ ಹೇಳಿದ.

"ಬಿಡ್ರಿ ಲೋಕನಾಥ," ಎಂದರು ಗೌರಮ್ಮ, ಗಂಡನ ಕಾಲ ಹತ್ತಿರದ ಕುರ್ಚಿಯಿಂದ. "ಜೀವಮಾನಾ ಎಲ್ಲಾ ಹಿಂದಿನ ಸಾಲಿನ್ಯಾಗ ಕುಂತಾರ. ಇವತ್ತರೆ ಮಲಗಲಿ."

ಅಳು ಬರುವಂಥ ಮಾತಿಗೆ ಎರಡು ಮೂರು ಜನ ನಕ್ಕುಬಿಟ್ಟರು. ಲೋಕನಾಥ ಭುಜಗಳನ್ನು ಮೆಲ್ಲನೆ ಇಳಿಸಿದ. ಅವನಿಗೆ ಸಾಕಾಗಿತ್ತು. ಓಲ್ಡ್ ಬ್ರಿಡ್ಜಿನ ಹೋಟೆಲು, ಕನ್ನಡಿಗರ ಸಂಗೀತ ಸಂಘದ ಅಧ್ಯಕ್ಷಗಿರಿ, ಈ ಸಾವು ಎಲ್ಲ ಸೇರಿ ಮೂಳೆ ಮೂಳೆಯಲ್ಲೂ ದಣಿವು. ಸಂಘದ ಅರ್ಧ ಜನರಿಗೆ ಈ ಚಳಿಗಾಲದಲ್ಲಿ ಲೇಆಫ್ ಆಗಿತ್ತು. ವೀಸಾ ಮುಗಿದು ಊರಿಗೆ ಹೊರಟವರಿಗೆ ಬೀಳ್ಕೊಡುಗೆಯ ಊಟ ಹಾಕುವುದೇ ಅವನ ಹೋಟೆಲಿನ ವ್ಯಾಪಾರವಾಗಿತ್ತು. ಈ ವರ್ಷದ ಸಂಗೀತ ಕಛೇರಿಗಳ ಸರಣಿಯನ್ನು ಕೈಬಿಡುವುದೆಂದು ನಿರ್ಧರಿಸಿಕೊಂಡೇ ಬಂದಿದ್ದ.

ಸುಪ್ರಿಯಾ ಪಕ್ಕಕ್ಕೆ ಬಂದು ನಿಂತಳು. ಮಾರಿಸ್‌ಟೌನಿನಲ್ಲಿ ಕೆಲಸ, ಸರಣಿಯ ಹಾಡುಗಾರ್ತಿ. "ಲೋಕನಾಥ್ ಅಂಕಲ್, ಇವತ್ತು ಕೇಳಬಾರದು. ಆದ್ರೂ ಏಪ್ರಿಲ್ ಕಾನ್ಸರ್ಟ್ ಮಾಡ್ತೀವಾ? ಹಾಲ್‌ನವರು ಕನ್ಫರ್ಮ್ ಮಾಡಿ ಅಂತಿದ್ದಾರೆ."

"ಮೊದ್ಲು ಇವರನ್ನು ಕಳಿಸುವ. ಮತ್ತೆ ಮಾತಾಡುವ."

ಗೌರಮ್ಮನಿಗೆ ಕೇಳಿಸಿತೆಂದು ತೋರುತ್ತದೆ. "ಸುಪ್ರಿಯಾ, ಮಣ್ಣು ಕೊಡೂಮುಂದ ಆ ಹುಡುಗನ ಹಾಡು ಹಾಡವ್ವಾ. ಮನ್ಯಾಗ ಅದನ್ನ ಗುನುಗ್ತಿದ್ರು."

ಅದೊಂದು ಹಾಡನ್ನು ಲೋಕನಾಥ ಬೇಡವೆಂದಿದ್ದ. ಹೋಟೆಲಿನವರಿಗೆ ಅವಮಾನ ಆಗುತ್ತದೆ ಎಂದು ಕಾರಣ ಕೊಟ್ಟಿದ್ದ. ನಿಜವಾದ ಕಾರಣ ಗೊತ್ತಿದ್ದದ್ದು ಪೆಟ್ಟಿಗೆಯಲ್ಲಿ ಮಲಗಿದವರೊಬ್ಬರಿಗೇ.

*

ಸರಣಿ ಹುಟ್ಟಿದ್ದು ಅವನ ಹೋಟೆಲಿನ ಹಿಂದಿನ ಕೋಣೆಯಲ್ಲೇ, ದೀಪಾವಳಿ ಕಳೆದ ಮೇಲೆ. ಶಿವಶಂಕರಪ್ಪನವರು ಪಿಸ್ಕಾಟವೇಯ ಟೆಲಿಫೋನ್ ಕಂಪನಿಯೊಂದರಲ್ಲಿ ಎಂಜಿನಿಯರು. ತಮ್ಮ ಮಾತಿಗಿಂತ ಬೇರೆಯವರ ಮಾತು ಮುಟ್ಟಿಸುವುದರಲ್ಲೇ ಆಯುಷ್ಯ ಕಳೆದವರು. ಅಂದು ಮಾತ್ರ ತಾವೇ ಬಾಯಿ ಬಿಟ್ಟರು. ವರ್ಷಾವರ್ಷ ಅದೇ ಸಿನಿಮಾ ಹಾಡು ಸಾಕು. ಇಲ್ಲಿನ ಹುಡುಗರೇ ಹೊಸದಾಗಿ ಹಾಡು ಕಟ್ಟಲಿ, ಗಿಟಾರೂ ಇರಲಿ ತಬಲವೂ ಇರಲಿ. ಒಂದು ಸಂಜೆ ದುಡಿಮೆಯ ಬಗ್ಗೆ, ಒಂದು ಸಂಜೆ ಗಂಡನ ವೀಸಾಕ್ಕೆ ಜೋತುಬಿದ್ದು ಮನೆಯಲ್ಲಿ ಕೂತ ಹೆಣ್ಣುಮಕ್ಕಳ ಬಗ್ಗೆ, ಇನ್ನೊಂದು ಸಂಜೆ ವಿಮಾನ ಹತ್ತಿದರೂ ಬಿಡದ ಜಾತಿಯ ಬಗ್ಗೆ.

"ಶನಿವಾರ ಸಂಜೆ ಜನ ಅಳ್ಳಿಕ್ಕೆ ಬರ್ತಾರಾ?" ಎಂದು ಲೋಕನಾಥ ಕೇಳಿದ್ದ.

"ಅಳಾಕ ಬರಂಗಿಲ್ಲ. ನಿಮ್ಮ ಗೋಳಿಬಜೆ ತಿನ್ನಾಕ ಬರ್ತಾರ. ಬಂದ ಮ್ಯಾಲೆ ಕೇಳ್ತಾರ."

ಹಾಗಾಗಿ ಕರಪತ್ರದಲ್ಲಿ ದುಡಿಮೆಯೂ ಇರಲಿಲ್ಲ, ಜಾತಿಯೂ ಇರಲಿಲ್ಲ. 'ಸಕುಟುಂಬ ಸಂಗೀತ ಸಂಜೆ, ಬಿಸಿ ಬಿಸಿ ತಿಂಡಿ' ಎಂದಷ್ಟೇ ಇತ್ತು.

ಶಿವಶಂಕರಪ್ಪನವರು ಒಮ್ಮೆಯೂ ವೇದಿಕೆ ಹತ್ತಿದವರಲ್ಲ. ಅಭ್ಯಾಸದ ಹೊತ್ತಿಗೆ ಕೊನೆಯ ಸಾಲಿನಲ್ಲಿ ಕೂತು ಬಲಗೈ ಎತ್ತುತ್ತಿದ್ದರು. ಕೈ ಮೇಲಿದ್ದರೆ ಹಾಡಿನ ಮಾತು ಅಲ್ಲಿಗೆ ಮುಟ್ಟಿಲ್ಲವೆಂದು ಅರ್ಥ. ಮುಟ್ಟಿದ ಮೇಲೆಯೇ ಕೈ ಇಳಿಯುತ್ತಿದ್ದುದು. ಅಷ್ಟೇ ಅವರ ಸಂಗೀತ.

*

ಜನವರಿಯಲ್ಲಿ ಒಂದು ಮಧ್ಯಾಹ್ನ ಹಾಲ್ ನೋಡಿ ಬರುವಾಗ ಹಿಮ ಸುರಿದು ಶಿವಶಂಕರಪ್ಪನವರೂ ಲೋಕನಾಥನೂ ಹೈವೇಯಲ್ಲಿ ಸಿಕ್ಕಿಬಿದ್ದರು. ನಿಂತ ಕಾರಿನಲ್ಲಿ ಏನು ತೋಚಿತೋ, ಲೋಕನಾಥ ಹೆಂಡತಿ ಬೇಬಿಗೂ ಹೇಳದ್ದನ್ನು ಹೇಳಿಬಿಟ್ಟ. ಚಿಕ್ಕವನಿದ್ದಾಗ ಮುಂಬಯಿಯ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದದ್ದು, ಬಟಾಟೆ ಮೂಟೆಗಳ ನಡುವೆ ಮಲಗುತ್ತಿದ್ದದ್ದು, ಊರಿನಲ್ಲಿ ತಾಯಿ ಸತ್ತ ಸುದ್ದಿಯನ್ನು ಚೌತಿಯ ಗಿರಾಕಿ ಕಡಿಮೆಯಾಗುವ ತನಕ ಧಣಿ ಬಚ್ಚಿಟ್ಟದ್ದು. ಬೇಬಿಗೆ ಅವನು, ಮುಂಬಯಿಯಿಂದ ಚೌತಿಗೆ ಊರಿಗೆ ಹೋಗಿದ್ದಾಗ ತಾಯಿಯ ತಲೆ ತನ್ನ ತೊಡೆಯ ಮೇಲಿರುವಾಗಲೇ ಜೀವ ಹೋಯಿತೆಂದು ಹೇಳಿದ್ದ.

ಮುಂದಿನ ತಿಂಗಳ ಅಭ್ಯಾಸದಲ್ಲಿ ಸುಪ್ರಿಯಾ ಅದನ್ನೇ ಹಾಡಿದಳು. ಹುಡುಗನಿಗೆ ಹೆಸರಿರಲಿಲ್ಲ, ಊರಿರಲಿಲ್ಲ. ಈ ಹಾಡು ಬೇಡವೆಂದು ಲೋಕನಾಥ ಎಲ್ಲರೆದುರು ಉರಿದುಬಿದ್ದ.

"ನಿಮ್ಮನ್ನ ಕೇಳದ ಮಾಡಿದ್ದು ತಪ್ಪಾತು," ಎಂದರು ಶಿವಶಂಕರಪ್ಪನವರು, ಹುಡುಗರೆಲ್ಲ ಹೋದ ಮೇಲೆ. "ಯಾರದು ಅಂತ ಆ ಹುಡುಗಿಗೂ ಹೇಳಿಲ್ಲ. ಮನಸಿನ್ಯಾಗ ಕುಂತುಬಿಟ್ಟಿತ್ತು ನೋಡ್ರಿ. ಬ್ಯಾಡ ಅಂದ್ರ ಬ್ಯಾಡ. ನಿಮ್ಮದು, ನೀವ ವಿಚಾರ ಮಾಡಿ ಹೇಳ್ರಿ."

"ಹೇಳ್ತೇನೆ," ಎಂದು ಲೋಕನಾಥ ಬಂದುಬಿಟ್ಟ. ಆಮೇಲೆ ಅವರ ಫೋನು ಬಂದರೆ ಅಡುಗೆಮನೆಗೆ ಹೋಗುತ್ತಿದ್ದ. ಬಿಸಿ ತುಪ್ಪದಂತೆ ಉತ್ತರ ಬಾಯಲ್ಲೇ ಇತ್ತು, ನುಂಗಲೂ ಆಗದೆ ಉಗುಳಲೂ ಆಗದೆ. ಅಷ್ಟರಲ್ಲಿ ಅವರ ಹೃದಯ ನಿಂತಿತು.

*

ಸ್ಮಶಾನದ ಆಚೆಗೇ ಹೈವೇ. ಮಾರ್ಚ್ ತಿಂಗಳ ಗಾಳಿ ಛತ್ರಿಗಳನ್ನು ತಿರುಚುತ್ತಿತ್ತು. ಮಗ ಶಶಿಧರ ಮೊದಲ ಹಿಡಿ ಮಣ್ಣು ಹಾಕಿ, ಮುಂದೇನು ಮಾಡಬೇಕೆಂದು ತಿಳಿಯದೆ ಕೈ ಒರೆಸಿಕೊಳ್ಳುತ್ತ ನಿಂತ. ಲೋಕನಾಥನೂ ಮಣ್ಣು ಹಾಕಿದ.

"ಹಾಡ್ಲಾ ಅಂಕಲ್?" ಎಂದಳು ಸುಪ್ರಿಯಾ, ಅವನನ್ನೇ ನೋಡುತ್ತ.

ಅವನು ಮಣ್ಣಾದ ತನ್ನ ಕೈ ನೋಡಿಕೊಂಡ. ಗೌರಮ್ಮ ತಲೆಯಾಡಿಸಿದರು. ಸುಪ್ರಿಯಾ ಶುರುಮಾಡಿದಳು. ಟ್ರಕ್ಕುಗಳ ಸದ್ದಿಗೆ ಅರ್ಧ ಮಾತು ಅಲ್ಲೇ ಹಾರಿಹೋಗುತ್ತಿತ್ತು. ಹಾಡುತ್ತ ಹಾಡುತ್ತ ಅವಳು ಅಭ್ಯಾಸಬಲದಿಂದ ಜನರ ತಲೆಯ ಮೇಲಿಂದ ಹಿಂದಕ್ಕೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಅವಳ ದನಿ ಇಳಿಯಿತು.

"ಎಂತ ಹಾಡು ಇದು?" ಎಂದು ಬೇಬಿ ಗಂಡನ ಕಿವಿಯಲ್ಲಿ ಕೇಳಿದಳು. "ಒಂದು ಶಬ್ದವೂ ಕೇಳುದಿಲ್ಲ."

ಒಳ್ಳೆಯದೇ ಆಯಿತು ಎಂದುಕೊಂಡ ಲೋಕನಾಥ. ಹಾಗೆ ಅಂದುಕೊಂಡದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಹೆಂಡತಿಯ ಪಕ್ಕದಿಂದ ಸರಿದು ನಡೆದ. ಜನರನ್ನು ದಾಟಿ, ಕಾರುಗಳ ಹತ್ತಿರದವರೆಗೂ ಹೋಗಿ, ಎಲ್ಲರಿಗಿಂತ ಹಿಂದೆ ನಿಂತುಕೊಂಡ. ಆಮೇಲೆ ಮಣ್ಣಾಗಿದ್ದ ಬಲಗೈಯನ್ನು ಮೇಲೆತ್ತಿದ.

ಸುಪ್ರಿಯಾ ನೋಡಿದಳು. ಒಂದು ಕ್ಷಣ ನಿಲ್ಲಿಸಿ, ಉಸಿರು ತೆಗೆದುಕೊಂಡು ಮೊದಲಿನಿಂದ ಎತ್ತಿಕೊಂಡಳು. ಕಪ್ಪು ತೊಳೆಯುವ ಹುಡುಗ ಬಂದ, ಬಟಾಟೆ ಮೂಟೆ ಬಂತು. ಕೈ ಮೇಲೆಯೇ ಇತ್ತು. ಅವಳು ಇನ್ನೂ ಏರಿದಳು. ಹಬ್ಬ ಮುಗಿದ ಮೇಲೆ ಹುಡುಗನಿಗೆ ತಾಯಿಯ ಸುದ್ದಿ ಹೇಳುವ ಸಾಲು ಬಂದಾಗ ಮುಂದಿನ ಗುಂಪಿನಲ್ಲಿ ಬೇಬಿ ಸರಕ್ಕನೆ ಹಿಂದಕ್ಕೆ ತಿರುಗಿ ಗಂಡನನ್ನು ನೋಡಿದಳು.

ಲೋಕನಾಥ ಕೈಯನ್ನು ಮೆಲ್ಲನೆ ಇಳಿಸಿದ.