ಅಯ್ಯ ತಂದ ಹೇಳಿಕೆ

"ಯಾರ್ ತೀರಕೊಂಡ್ರರಿ ಅಯ್ಯಾರ?"

ಬಾಗಿಲಲ್ಲಿ ನಾಗಲಿಂಗಯ್ಯನನ್ನು ಕಂಡೊಡನೆ ಸಾವಂತ್ರವ್ವ ಕೇಳಿದ್ದು ಇದನ್ನೇ. ಅವಳದೇನೂ ತಪ್ಪಿಲ್ಲ. ಅವನು ಆಗಲೇ ಹೋಗಿಬಂದ ಏಳೆಂಟು ಮನೆಯವರೂ ಇದನ್ನೇ ಕೇಳಿದ್ದರು. ಊರಿನ ಹೇಳಿಕೆಯನ್ನು, ಶುಭವಿರಲಿ ಸಾವಿರಲಿ, ಮನೆಮನೆಗೆ ಮುಟ್ಟಿಸುವುದು ಅವನ ಮಠಪತಿ ಮನೆತನದ ಕೆಲಸ. ಮೊಣಕಾಲು ಹಿಡಿದ ಮೇಲೆ ಮದುವೆ, ಬಸುರಿಯ ಕುಬಸ, ಮನೆಶಾಂತಿಯ ಹೇಳಿಕೆಗಳನ್ನು ಅವನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿ ಮುಗಿಸುತ್ತಿದ್ದ. ಸತ್ತ ಸುದ್ದಿಯನ್ನು ಮಾತ್ರ ನಡೆದೇ ಹೋಗಿ ಹೇಳುತ್ತಿದ್ದ. ಹೀಗಾಗಿ ಹಗಲು ಹತ್ತಕ್ಕೆ ಅಯ್ಯ ಶಲ್ಯ ಹೊದ್ದು ಓಣಿಗೆ ಇಳಿದನೆಂದರೆ, ಹಾಸಿಗೆ ಹಿಡಿದವರು ಯಾರ್ಯಾರೆಂದು ಊರು ಮನಸ್ಸಿನಲ್ಲೇ ಎಣಿಸಲು ಶುರುಮಾಡುತ್ತಿತ್ತು.

"ಯಾರೂ ತೀರಿಲ್ಲ ಯವ್ವಾ. ಮುಂಜಾನಿ ನಾ ಕಳಸಿದ ಲಗ್ನಪತ್ರಿಕಿ ತಗದಿಯೇನು?"

ಸಾವಂತ್ರವ್ವ ಹಿಂತಿರುಗಿ ಒಳಗೆ ನೋಡಿದಳು. ಒಳಗೆ ಮಗ್ಗದ ಪಕ್ಕ ಕೂತಿದ್ದ ಮೊಮ್ಮಗಳು ಐಶ್ವರ್ಯ ಮುಖ ಎತ್ತಿದಳು. ಅತ್ತು ಅತ್ತು ಕಣ್ಣು ಊದಿದ್ದವು. ನಾಗಲಿಂಗಯ್ಯನಿಗೆ ಉತ್ತರ ಸಿಕ್ಕಿತು.

ಬೆಳಿಗ್ಗೆ ಎಂಟಕ್ಕೆ ಬಾದಾಮಿಯ ತಿಮ್ಮಣ್ಣನ ನಂಬರಿನಿಂದ ಅವನ ಮೊಬೈಲಿಗೆ ಆ ಪತ್ರಿಕೆ ಬಂದಿತ್ತು. ಶುಭವಿವಾಹ, ಸಕುಟುಂಬ ಪರಿವಾರ ಸಮೇತ ಬರಬೇಕು, ಕೆಳಗೆ ಒತ್ತಿ ತೆರೆಯುವ ಪತ್ರಿಕೆ. ಈ ಊರಿನ ಅರ್ಧ ಮನೆಗಳು ತಿಮ್ಮಣ್ಣನಿಗೆ ಬೀಗರು. ನಾಗಲಿಂಗಯ್ಯ ಅದನ್ನು ತೆರೆದು ನೋಡಲಿಲ್ಲ. ಹೇಳಿಕೆ ಒಯ್ಯುವವನು ಮಂದಿಗಿಂತ ಮೊದಲು ಪತ್ರಿಕೆ ಒಡೆಯಬಾರದು ಎಂದು ಅವನಪ್ಪ ಕಲಿಸಿದ್ದ. ಆ ಶಿಸ್ತನ್ನು ಅವನು ಐವತ್ತು ವರ್ಷ ಪಾಲಿಸಿದ್ದ, ಇವತ್ತೂ ಪಾಲಿಸಿದ. ಬಂದದ್ದನ್ನು ಬಂದ ಹಾಗೆಯೇ ಗುಂಪಿಗೆ ದಾಟಿಸಿ ಪೂಜೆಗೆ ಕೂತ. ಪೂಜೆ ಮುಗಿಸಿ ಏಳುವಷ್ಟರಲ್ಲಿ ಹುನಗುಂದದಲ್ಲಿ ಮಾಸ್ತರನಾಗಿದ್ದ ಮಗ ವಿಜಯಮಹಾಂತೇಶನ ಆರು ಕರೆಗಳು ಬಂದಿದ್ದವು. ಅದು ಪತ್ರಿಕೆಯಲ್ಲ, ಕಳ್ಳರ ಆ್ಯಪು ಎಂದ ಮಗ. ತೆರೆದವರ ಬ್ಯಾಂಕಿನ ಮೆಸೇಜುಗಳೆಲ್ಲ ಕಳ್ಳರಿಗೇ ಹೋಗುತ್ತವೆ. ತಿಮ್ಮಣ್ಣನೂ ಹಾಗೇ ಮೋಸ ಹೋಗಿದ್ದ. ತೆರೆಯದೆ ದಾಟಿಸಿದ ನಾಗಲಿಂಗಯ್ಯನ ಫೋನಿಗೆ ಮಾತ್ರ ಏನೂ ಆಗಿರಲಿಲ್ಲ. ಇಂಥ ಸುದ್ದಿಯನ್ನು ಗುಂಪಿಗೆ ಹಾಕಿ ಮುಗಿಸಲು ಮನಸ್ಸೊಪ್ಪದೆ ಅವನು ಮನೆಮನೆಗೆ ಹೊರಟಿದ್ದ.

ಪಾರಾಗುವ ದಾರಿಯನ್ನೂ ಮಗನೇ ಹೇಳಿಕೊಟ್ಟಿದ್ದ. ಫೋನು ಹ್ಯಾಕ್ ಆಗಿತ್ತು, ತಾನು ಕಳಿಸಿದ್ದಲ್ಲ ಎಂದುಬಿಡಿ, ಯಾರೂ ಎದುರಾಡುವುದಿಲ್ಲ ಎಂದಿದ್ದ. ಖರೆ, ಯಾರೂ ಎದುರಾಡುತ್ತಿರಲಿಲ್ಲ. ಅಯ್ಯನ ಮಾತಿಗೆ ಆ ಊರಲ್ಲಿ ಎದುರಾಡಿದವರಿಲ್ಲ. ಎಡವಟ್ಟಾದದ್ದೂ ಅದರಿಂದಲೇ.

ಸಾವಂತ್ರವ್ವ ಪತ್ರಿಕೆಯನ್ನು ಮೊದಲು ಕಣ್ಣಿಗೊತ್ತಿಕೊಂಡಿದ್ದಳಂತೆ. ಆಮೇಲೆ ಒತ್ತಿದ್ದಳು. ಅದು ನಾಲ್ಕು ಸಲ ಏನೋ ಕೇಳಿತು, ನಾಲ್ಕೂ ಸಲ ಹೂಂ ಎಂದು ಒತ್ತಿದಳು. ಅಯ್ಯ ತಂದ ಹೇಳಿಕೆಗೆ ಒಲ್ಲೆ ಅನ್ನುವುದುಂಟೇ? ಹತ್ತೂವರೆಗೆ ಖಾತೆಯಲ್ಲಿದ್ದ ನಲವತ್ತೊಂದು ಸಾವಿರವೂ ಹೋಗಿತ್ತು. ಅದು ಐಶ್ವರ್ಯಳ ನರ್ಸಿಂಗ್ ಕಾಲೇಜಿನ ಫೀ. ಸೋಮವಾರದೊಳಗೆ ಬಾಗಲಕೋಟೆಯಲ್ಲಿ ಕಟ್ಟದಿದ್ದರೆ ಸೀಟು ಬೇರೆಯವರಿಗೆ.

"ಸೈಬರ್ ಪೊಲೀಸರ ೧೯೩೦ಕ್ಕ ಫೋನ್ ಮಾಡಿದ್ರೇನು? ಲಗೂನ ಹೇಳಿದ್ರ ರೊಕ್ಕ ಅಲ್ಲೇ ತಡೀತಾರಂತ," ಎನ್ನುತ್ತ ನಾಗಲಿಂಗಯ್ಯ ಒಳಗೆ ಬಂದು ಕೂತ.

ಎರಡು ಸಲ ಹಚ್ಚಿದ್ದೆ, ಎರಡೂ ಸಲ ಅಜ್ಜಿ ಕಸಿದುಕೊಂಡು ಕತ್ತರಿಸಿದಳು ಎಂದಳು ಐಶ್ವರ್ಯ. ಮೆಸೇಜು ಯಾರಿಂದ ಬಂತೆಂದು ಕೇಳುತ್ತಾರೆ ಎಂದು ಗೊತ್ತಾದದ್ದೇ ತಡ, ಅಜ್ಜಿ ಮೊಬೈಲನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

"ಜಂಗಮರ ಹೆಸರು ಪೊಲೀಸರಿಗೆ ಕೊಟ್ಟು, ಅದ ಕೈಲೆ ನಾ ಹೆಂಗ ಪ್ರಸಾದ ಇಸ್ಕೊಳ್ಳಲಿರಿ? ಹೋಗಿದ್ದು ಹೋತು. ಹೆಂಗೂ ನೀವು ಕಳಸಿದ್ದಲ್ಲಲ್ಲ. ನಿಮ್ಮ ಫೋನಿನ್ಯಾಗ ಯಾರೋ ಹೊಕ್ಕಾರಂತ ಓಣ್ಯಾಗ ಅನ್ನಾಕತ್ತಾರ."

ಅವನು ಯಾರಿಗೂ ಹೇಳದಿದ್ದರೂ, ಮಗ ಹೇಳಿಕೊಟ್ಟ ಸುಳ್ಳು ಅವನಿಗಿಂತ ಮೊದಲೇ ಈ ಮನೆ ಮುಟ್ಟಿತ್ತು. ನಾಗಲಿಂಗಯ್ಯನಿಗೆ ಅವಳ ಮೇಲೆ ಸಿಟ್ಟು ಬಂತು. ಅವಳು ಬೈದಿದ್ದರೆ, ಬಾಗಿಲು ಹಾಕಿಕೊಂಡಿದ್ದರೆ ತಲೆ ತಗ್ಗಿಸಿ ಹೋಗಬಹುದಿತ್ತು. ಇವಳು ಮೊಮ್ಮಗಳ ಸೀಟು ಕಳೆದುಕೊಂಡು ಇವನ ಹೆಸರು ಕಾಯಲು ಕೂತಿದ್ದಾಳೆ. ನುಂಗುವಂತಿಲ್ಲ, ಉಗುಳುವಂತಿಲ್ಲ, ಬಾಯೊಳಗಿನ ಬಿಸಿತುಪ್ಪ.

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಹತ್ತು.

"ನಾನ ಕಳಸಿದ್ದು," ಎಂದ. "ಯಾರೂ ಹೊಕ್ಕಿಲ್ಲ. ತಗದು ನೋಡಲಾರದ ನಾನ, ಈ ಕೈಲೆ ಕಳಸೀನಿ. ಹಚ್ಚು ಐಶ್ವರ್ಯಾ."

ಸಾವಂತ್ರವ್ವ ಅವನ ಮುಖವನ್ನೇ ನೋಡಿದಳು. ಹುಡುಗಿ ಸೆರಗಿನ ಗಂಟು ಬಿಚ್ಚಿ ಮೊಬೈಲು ತೆಗೆದುಕೊಳ್ಳುವಾಗ ಬೇಡವೆನ್ನಲಿಲ್ಲ.

ಮೂರನೆಯ ಸಲಕ್ಕೆ ಕರೆ ಹೋಯಿತು, ಐಶ್ವರ್ಯ ಸ್ಪೀಕರ್ ಹಾಕಿದಳು. ಆ ಕಡೆಯ ಹೆಣ್ಣುಮಗಳು ಬೆಂಗಳೂರಿನ ಕನ್ನಡದಲ್ಲಿ ಸಾವಕಾಶವಾಗಿ ಬ್ಯಾಂಕು ಯಾವುದು, ಎಷ್ಟು ಹೋಯಿತು, ಎಷ್ಟು ಗಂಟೆಗೆ ಎಂದು ಕೇಳುತ್ತ ಹೋದಳು. ಐಶ್ವರ್ಯ ಹೇಳುತ್ತ ಹೋದಳು.

"ಆ ಫೈಲ್ ಯಾವ ನಂಬರಿನಿಂದ ಬಂತು ಅಂತ ಹೇಳಿ."

ಐಶ್ವರ್ಯ ಮೊಬೈಲನ್ನು ಅಯ್ಯನ ಕಡೆ ಹಿಡಿದಳು. ಸಾವಂತ್ರವ್ವ ಸೆರಗನ್ನು ಬಾಯಿಗೆ ಒತ್ತಿ ಅರ್ಧ ನೇಯ್ದ ಸೀರೆಯ ಕಡೆ ತಿರುಗಿದಳು. ನಾಗಲಿಂಗಯ್ಯ ಮೊಬೈಲಿನ ಹತ್ತಿರ ಬಾಗಿ ತನ್ನ ನಂಬರನ್ನು ಎರಡೆರಡು ಅಂಕಿಯಾಗಿ ಬಿಡಿಸಿ ಹೇಳಿದ. ಬಾಗಿಲು ಬಾಗಿಲಲ್ಲಿ ನಿಂತು ಮುಹೂರ್ತ ಹೇಳುತ್ತಿದ್ದದ್ದೂ ಹೀಗೇ, ತಡೆತಡೆದು, ಕೇಳಿದವರು ಮರೆಯದ ಹಾಗೆ.

"ಈ ವ್ಯಕ್ತಿ ನಿಮಗೆ ಪರಿಚಯವೇ?"

"ನಮ್ಮೂರ ಅಯ್ಯಾರ್ರಿ," ಎಂದಳು ಸಾವಂತ್ರವ್ವ, ಆ ಕಡೆ ಮುಖ ಮಾಡಿಕೊಂಡೇ. "ಅಂಥಾವರಲ್ರಿ ಅವರು."

"ಪರಿಚಯ ಐತಿ ಅಂತ ಬರಕೋರ್ರಿ," ಎಂದ ನಾಗಲಿಂಗಯ್ಯ.

ದೂರಿನ ನಂಬರನ್ನು ಐಶ್ವರ್ಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡಳು. ಬ್ಯಾಂಕಿಗೆ ತಿಳಿಸುತ್ತೇವೆ, ಹಣ ಇನ್ನೂ ಮುಂದೆ ಹೋಗಿರದಿದ್ದರೆ ತಡೆಯಬಹುದು ಎಂದಿದ್ದರು. ಹೋಗಿದ್ದರೆ ಏನೆಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ನಾಗಲಿಂಗಯ್ಯ ಹೊರಡಲೆಂದು ಎದ್ದು ಹೊಸ್ತಿಲು ದಾಟಿದ್ದ. ಹಿಂದಿನಿಂದ ಸಾವಂತ್ರವ್ವ ಕರೆದಳು. ಅವಳ ಕೈಯಲ್ಲಿ ಮೊರವಿತ್ತು, ಮೊರದಲ್ಲಿ ಬೊಗಸೆ ಜೋಳ. ಶುಭದ ಹೇಳಿಕೆ ತಂದ ಅಯ್ಯನನ್ನು ಬರಿಗೈಯಲ್ಲಿ ಕಳಿಸುವ ರೂಢಿ ಆ ಊರಲ್ಲಿಲ್ಲ. ಸಾವಿನ ಸುದ್ದಿಗೆ ಕಾಳು ನೀಡುವುದಿಲ್ಲ. ಇವತ್ತಿನದು ಯಾವುದೆಂದು ಅವಳಿಗೂ ಗೊತ್ತಿರಲಿಲ್ಲವೇನೋ.

"ಜೋಳಿಗಿ ತಂದಿಲ್ಲವ್ವಾ," ಎಂದ. ಅವಳು ಮೊರ ಹಿಡಿದುಕೊಂಡು ನಿಂತೇ ಇದ್ದಳು. ಕೊನೆಗೆ ಅವನು ಶಲ್ಯ ಒಡ್ಡಿದ.

ಗುಂಪಿನಲ್ಲಿ ಇನ್ನೂ ನೂರಮೂವತ್ತು ಮನೆಗಳಿದ್ದವು. ಎದುರು ಮನೆಯ ಶಿವಲಿಂಗವ್ವ ಮೊಬೈಲು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಅಯ್ಯನ ಮುಖ ನೋಡಿದಳು, ಅವನು ಎರಡೂ ಕೈಯಲ್ಲಿ ಹಿಡಿದಿದ್ದ ಶಲ್ಯದೊಳಗಿನ ಜೋಳ ನೋಡಿದಳು. ಏನು ಕೇಳಬೇಕೆಂದು ತಿಳಿಯದೆ ಅಲ್ಲೇ ನಿಂತಳು.